ಪ್ಲೂಟೊ ಗ್ರಹ ಅಲ್ಲ ಅಂದಾಗ ಜನಕ್ಕೆ ಅಷ್ಟು ಬೇಜಾರು ಯಾಕೆ?

"ಪ್ಲೂಟೊ ಗ್ರಹ ಅಲ್ಲ ಅಂತ ವಿಜ್ಞಾನಿಗಳು ಹೇಳಿದರೆ ಸಾಮಾನ್ಯ ಜನ ಯಾಕೆ ಸಿಟ್ಟಾಗಬೇಕು? ಅದೇನು ಅವರ ಆಸ್ತಿಯಾ? ಮಗಳು ಕೇಳಿದರೆ ನಾನು ಎಂಟು ಅನ್ನಲಾ, ಒಂಬತ್ತು ಅನ್ನಲಾ?" ಅಂತ ಕೇಳಿದ್ದೀರಿ. ಸಿಟ್ಟಾದವರ ಬಗ್ಗೆ ನಿಮಗೆ ಸ್ವಲ್ಪ ಅಸಮಾಧಾನ ಇದ್ದ ಹಾಗಿದೆ. ನಾನು ಅವರ ಪರ. ಅವರ ಬೇಜಾರಿಗೆ ಕಾರಣ ಇತ್ತು.

ಮೊದಲು ಸೀರಿಸ್ ಕಥೆ ಕೇಳಿ. 1801ರ ಜನವರಿ 1ರಂದು ಇಟಲಿಯ ಪಲೆರ್ಮೊದಲ್ಲಿ ಜುಸೆಪ್ಪೆ ಪಿಯಾಟ್ಸಿ ಅದನ್ನು ಕಂಡುಹಿಡಿದರು. ಮಂಗಳ ಮತ್ತು ಗುರುವಿನ ನಡುವೆ ಸುತ್ತುವ ಪುಟ್ಟ ಕಾಯ ಅದು. ಸೀರಿಸನ್ನೂ, ಆಮೇಲೆ ಅಲ್ಲೇ ಸಿಕ್ಕ ಪಲ್ಲಾಸ್, ಜೂನೊ, ವೆಸ್ಟಾಗಳನ್ನೂ ಗ್ರಹ ಅಂತಲೇ ಎಣಿಸಿದರು. ಆ ಕಾಲದ ಯುರೋಪಿನ ಪುಸ್ತಕಗಳಲ್ಲಿ 11 ಗ್ರಹಗಳಿದ್ದವು! 1845ರಿಂದ ಈಚೆಗೆ ಅದೇ ಜಾಗದಲ್ಲಿ ಒಂದಾದ ಮೇಲೊಂದು ಸಿಗತೊಡಗಿದಾಗ, ಖಗೋಳಶಾಸ್ತ್ರಜ್ಞರು ನಿಧಾನವಾಗಿ ಅವನ್ನೆಲ್ಲ ಕ್ಷುದ್ರಗ್ರಹ ಅಂತ ಬೇರೆ ಇಟ್ಟರು. ಇಂಥ ದಿನ ಅಂತ ಇಲ್ಲ, ವೋಟು ಹಾಕಿದ್ದೂ ಇಲ್ಲ. ಅಂಥವೇ ಇನ್ನಷ್ಟು ಸಿಕ್ಕಿ ಸೀರಿಸ್‌ಗೆ ಬಂದ ಈ ತೊಂದರೆಯೇ ಮುಂದೆ ಪ್ಲೂಟೊಗೂ ಬಂತು, ಪರಿಹಾರವೂ ಹೆಚ್ಚುಕಡಿಮೆ ಅದೇ. ಆದರೆ ಇವತ್ತು ಸೀರಿಸ್‌ಗಾಗಿ ಮರುಗುವವರು ಯಾರಿದ್ದಾರೆ? ಅಂದಮೇಲೆ ವಿಜ್ಞಾನ ಬದಲಾಗಿದ್ದಕ್ಕೇ ಜನಕ್ಕೆ ನೋವಾಯಿತು ಅನ್ನೋದು ಸರಿಯಲ್ಲ.

ಪ್ಲೂಟೊಗೆ ಒಂದು ಕಥೆ ಇತ್ತು. ಕ್ಲೈಡ್ ಟಾಂಬೋ ಅಮೆರಿಕದ ಕಾನ್ಸಾಸ್ ರಾಜ್ಯದ ರೈತರ ಮನೆ ಹುಡುಗ. ಆಗಿನ್ನೂ ಕಾಲೇಜು ಮೆಟ್ಟಿಲು ಹತ್ತಿರಲಿಲ್ಲ. ತಾನೇ ದೂರದರ್ಶಕ ಮಾಡಿಕೊಂಡು, ಮಂಗಳ ಮತ್ತು ಗುರುವನ್ನು ನೋಡಿ ಚಿತ್ರ ಬರೆದು, ಅರಿಜೋನಾದ ಲೊವೆಲ್ ವೀಕ್ಷಣಾಲಯಕ್ಕೆ ಕಳಿಸಿದ. ಅವರು ಕರೆದು ಕೆಲಸ ಕೊಟ್ಟರು. ಎಂಥಾ ಕೆಲಸ ಗೊತ್ತಾ? ಆಕಾಶದ ಒಂದೇ ಭಾಗವನ್ನು ಕೆಲವು ದಿನ ಬಿಟ್ಟು ಎರಡು ಸಲ ಗಾಜಿನ ಫಲಕದ ಮೇಲೆ ಫೋಟೋ ತೆಗೆಯಬೇಕು. ಆಮೇಲೆ ಎರಡೂ ಫಲಕಗಳನ್ನು ಒಂದು ಯಂತ್ರಕ್ಕೆ ಹಾಕಿ, ಇದು ಒಮ್ಮೆ ಅದು ಒಮ್ಮೆ ಅಂತ ಬದಲಿಸುತ್ತಾ ಕಣ್ಣಿಟ್ಟು ನೋಡಬೇಕು. ಒಂದೊಂದು ಫಲಕದಲ್ಲೂ ರಾಶಿ ರಾಶಿ ನಕ್ಷತ್ರ. ಅವೆಲ್ಲ ಇದ್ದಲ್ಲೇ ಇರುತ್ತವೆ. ಜಾಗ ಬದಲಿಸುವ ಒಂದು ಚುಕ್ಕಿ ಸಿಕ್ಕೀತಾ ಅಂತ ತಿಂಗಳುಗಟ್ಟಲೆ ಹುಡುಕಾಟ. 1930ರ ಜನವರಿ 23 ಮತ್ತು 29ರಂದು ತೆಗೆದ ಫಲಕಗಳಲ್ಲಿ, ಮಿಥುನ ರಾಶಿಯಲ್ಲಿ, ಅಂಥ ಚುಕ್ಕಿ ಕಂಡಿತು. ಟಾಂಬೋ ಅದನ್ನು ಗುರುತಿಸಿದ್ದು ಫೆಬ್ರವರಿ 18ರಂದು. ಆಗ ಅವನಿಗೆ 24 ವರ್ಷ.

ಹೆಸರು ಸೂಚಿಸಿದ್ದು ಇಂಗ್ಲೆಂಡಿನ ಆಕ್ಸ್‌ಫರ್ಡ್‌ನ ವೆನೀಶಿಯಾ ಬರ್ನಿ ಅನ್ನೋ 11 ವರ್ಷದ ಹುಡುಗಿ. ತಿಂಡಿ ತಿನ್ನುತ್ತಾ ಹೇಳಿದ ಮಾತನ್ನು ಅವಳ ಅಜ್ಜ ಪರಿಚಯದ ಪ್ರೊಫೆಸರ್‌ಗೆ ಮುಟ್ಟಿಸಿದರು, ಅವರು ಅಮೆರಿಕಕ್ಕೆ ತಂತಿ ಕಳಿಸಿದರು. ರೈತರ ಹುಡುಗ ಹುಡುಕಿದ್ದು, ಚಿಕ್ಕ ಹುಡುಗಿ ಹೆಸರಿಟ್ಟಿದ್ದು, ಎಲ್ಲಕ್ಕಿಂತ ದೂರ, ಎಲ್ಲಕ್ಕಿಂತ ಪುಟ್ಟದು. ನಮ್ಮ ಚಂದ್ರನಿಗಿಂತಲೂ ಚಿಕ್ಕದು. ಮಕ್ಕಳಿಗೆ ಅದು ಇಷ್ಟವಾಗದೆ ಇನ್ನೇನಾಗುತ್ತೆ ಹೇಳಿ.

ಇನ್ನೊಂದು ಕಾರಣ, ನಾವು ಅದನ್ನು ಕಲಿತ ರೀತಿ. ಬುಧ, ಶುಕ್ರ, ಭೂಮಿ, ಮಂಗಳ, ಗುರು, ಶನಿ, ಯುರೇನಸ್, ನೆಪ್ಚೂನ್, ಪ್ಲೂಟೊ: ಒಂದೇ ಉಸಿರಿಗೆ ಹೇಳಿ, ಪ್ಲೂಟೊ ಅಂದ ಮೇಲೇ ಉಸಿರು ಬಿಡುತ್ತಿದ್ದೆವು. ಇವು ಯಾಕೆ ಗ್ರಹಗಳು ಅಂತ ಯಾರೂ ಹೇಳಿಕೊಟ್ಟಿರಲಿಲ್ಲ. ಮಗ್ಗಿಯ ಹಾಗೆ ಬಾಯಿಪಾಠ, ಅಷ್ಟೇ. ಹಾಗಾಗಿ ಪ್ಲೂಟೊ ಹೋಯಿತು ಅಂದಾಗ ಇನ್ನಷ್ಟು ತಿಳಿದುಕೊಂಡೆವು ಅಂತ ಅನ್ನಿಸಲಿಲ್ಲ. ಕೈಯಲ್ಲಿದ್ದದ್ದನ್ನು ಯಾರೋ ಕಿತ್ತುಕೊಂಡ ಹಾಗಾಯಿತು.

ಕಿತ್ತುಕೊಂಡ ಬಗೆಯೂ ಹಾಗೇ ಇತ್ತು. 2005ರಲ್ಲಿ ಅಮೆರಿಕದ ಖಗೋಳಶಾಸ್ತ್ರಜ್ಞ ಮೈಕ್ ಬ್ರೌನ್ ಅವರ ತಂಡ, ನೆಪ್ಚೂನ್‌ನಿಂದಾಚೆ ಈರಿಸ್ ಅನ್ನೋ ಕಾಯ ಸಿಕ್ಕಿದೆ ಅಂತ ಪ್ರಕಟಿಸಿತು. ಗಾತ್ರದಲ್ಲಿ ಹೆಚ್ಚುಕಡಿಮೆ ಪ್ಲೂಟೊದಷ್ಟೇ. ಪ್ಲೂಟೊ ಗ್ರಹವಾದರೆ ಇದೂ ಗ್ರಹವೇ ಆಗಬೇಕಲ್ಲ? 2006ರ ಆಗಸ್ಟ್‌ನಲ್ಲಿ ಅಂತರರಾಷ್ಟ್ರೀಯ ಖಗೋಳ ಒಕ್ಕೂಟ ಪ್ರಾಗ್‌ನಲ್ಲಿ ಸೇರಿತು. ಮೊದಲ ಕರಡಿನಲ್ಲಿ ಗ್ರಹಗಳ ಸಂಖ್ಯೆ 12ಕ್ಕೆ ಏರಿತ್ತು. ಒಂದು ವಾರ ಕಳೆಯುವುದರೊಳಗೆ ಎಲ್ಲ ತಲೆಕೆಳಗು. 24ನೇ ತಾರೀಕು 424 ಜನರ ಮತದಾನ, ಹಳದಿ ಕಾರ್ಡ್ ಎತ್ತಿ. ಅಲ್ಲಿ ಖಗೋಳವಿಜ್ಞಾನಿ ಜೋಸೆಲಿನ್ ಬೆಲ್ ಬರ್ನೆಲ್ ಒಂದು ಛತ್ರಿ ಬಿಚ್ಚಿ ವಿಷಯ ವಿವರಿಸಿದರು. ಛತ್ರಿ ಅಂದರೆ ಗ್ರಹಗಳ ಗುಂಪು. ಪ್ಲೂಟೊ ಹೆಸರಿನ ಕಾರ್ಟೂನ್ ನಾಯಿಯ ಗೊಂಬೆ ಆ ಛತ್ರಿಯ ಕೆಳಗಿರಬೇಕಾ, ಹೊರಗಿರಬೇಕಾ ಅನ್ನೋದು ಪ್ರಶ್ನೆ. ಹೊರಗೆ ಅಂತ ತೀರ್ಮಾನವಾಯಿತು. ತನ್ನ ದಾರಿಯ ಸುತ್ತಮುತ್ತ ಬೇರೆ ಕಾಯಗಳಿಲ್ಲದಂತೆ ತೆರವು ಮಾಡಿಕೊಂಡಿರಬೇಕು ಅನ್ನೋ ಷರತ್ತಿನಲ್ಲಿ ಪ್ಲೂಟೊ ಬಿದ್ದುಹೋಯಿತು, ಕುಬ್ಜ ಗ್ರಹ ಅನ್ನೋ ಬೇರೆ ಗುಂಪಿಗೆ ಸೇರಿತು.

ರೇಷನ್ ಕಾರ್ಡಿನಿಂದ ಮನೆಯವರೊಬ್ಬರ ಹೆಸರು ತೆಗೆದರೆ ಹೇಗಿರುತ್ತೆ ಯೋಚಿಸಿ. ಆ ಮನುಷ್ಯ ಮನೆಯಲ್ಲೇ ಇದ್ದಾನೆ, ಆದರೂ ಹೊಟ್ಟೆ ಉರಿಯುತ್ತೆ ಅಲ್ವಾ? ಇಲ್ಲೂ ಅಷ್ಟೇ ಆದದ್ದು. ವೋಟಿನಿಂದ ಹೋದದ್ದು ವೋಟಿನಿಂದ ವಾಪಸ್ ಬರಬಹುದು ಅನ್ನೋ ಆಸೆಯೂ ಜೊತೆಗೆ ಹುಟ್ಟಿತು. 2007ರಲ್ಲಿ ಅಮೆರಿಕದ ನ್ಯೂ ಮೆಕ್ಸಿಕೊ, 2009ರಲ್ಲಿ ಇಲಿನಾಯ್ ರಾಜ್ಯದ ಶಾಸಕರು ಪ್ಲೂಟೊ ಪರ ನಿರ್ಣಯ ಮಾಡಿದರು. 2024ರಲ್ಲಿ ಅರಿಜೋನಾ ಅದನ್ನು ತನ್ನ ಅಧಿಕೃತ ರಾಜ್ಯಗ್ರಹ ಮಾಡಿಕೊಂಡಿತು. ಗಮನಿಸಿ: ಟಾಂಬೋ ಹುಟ್ಟಿದ್ದು ಇಲಿನಾಯ್, ಪ್ಲೂಟೊ ಕಂಡದ್ದು ಅರಿಜೋನಾ, ಆಮೇಲೆ ಪಾಠ ಹೇಳಿದ್ದು ನ್ಯೂ ಮೆಕ್ಸಿಕೊ. ಅಲ್ಲಿನವರು ಹಿಡಿದುಕೊಂಡದ್ದು ತಮ್ಮ ಊರಿನ ಮನುಷ್ಯನನ್ನು.

ಇನ್ನು, ಸಿಟ್ಟು ಬರೀ ಸಾಮಾನ್ಯ ಜನರದ್ದು ಅಂದುಕೊಳ್ಳಬೇಡಿ. ಪ್ಲೂಟೊ ನೋಡಲು ನಾಸಾ ಕಳಿಸಿದ ನ್ಯೂ ಹೊರೈಜನ್ಸ್ ನೌಕೆಯ ಮುಖ್ಯ ವಿಜ್ಞಾನಿ ಅಲನ್ ಸ್ಟರ್ನ್ ಆ ವ್ಯಾಖ್ಯೆಯನ್ನು ಅಂದಿನಿಂದ ವಿರೋಧಿಸುತ್ತಾ ಬಂದಿದ್ದಾರೆ. ನೌಕೆಯಲ್ಲಿ ಟಾಂಬೋ ಚಿತಾಭಸ್ಮದ ಒಂದು ಚಿಟಿಕೆ ಇತ್ತು. 2015ರ ಜುಲೈ 14ರಂದು ಅದು ಪ್ಲೂಟೊ ಪಕ್ಕ ಹಾದುಹೋದಾಗ, "ಪ್ಲೂಟೊ: ಇನ್ನೂ ಅನ್ವೇಷಿಸಿಲ್ಲ" ಅಂತಿದ್ದ 1991ರ ಅಂಚೆಚೀಟಿಯ ದೊಡ್ಡ ಪ್ರತಿಯನ್ನು ತಂಡದವರು ಎತ್ತಿ ಹಿಡಿದರು. "ಇನ್ನೂ ಇಲ್ಲ" ಅನ್ನೋ ಭಾಗಕ್ಕೆ ಅಡ್ಡಗೆರೆ ಎಳೆದಿದ್ದರು.

ಮಗಳಿಗೆ ಎಂಟು ಅಂತಲೇ ಹೇಳಿ, ಪರೀಕ್ಷೆಯಲ್ಲೂ ಅದೇ ಉತ್ತರ. ಆದರೆ ಸುಮ್ನೆ ಎಂಟು ಅನ್ನಬೇಡಿ. ಸೀರಿಸ್ ಕಥೆ ಹೇಳಿ, ಈರಿಸ್ ಕಥೆ ಹೇಳಿ, ಪ್ಲೂಟೊ ಮೇಲಿನ ಹೃದಯದಾಕಾರದ ಹಿಮದ ಬಯಲಿನ ಫೋಟೋ ತೋರಿಸಿ. ಇಷ್ಟೆಲ್ಲ ಕೇಳಿಯೂ ಅವಳು ಒಂಬತ್ತು ಅಂತ ವಾದ ಮಾಡಿದರೆ ಮಾಡಲಿ ಬಿಡಿ, ಪ್ಲೂಟೊ ಗ್ರಹವೇ ಅನ್ನೋದು ಸ್ಟರ್ನ್ ಅವರದ್ದೂ ವಾದ.