ಗೆದ್ದರೂ ಬೈಯುವ ಊರು

ತಮ್ಮ,

ಅಯೋವಾ ಸಿಟಿಗೆ ಬಂದು ಇನ್ನೂ ಒಂದು ಚಳಿಗಾಲವನ್ನೂ ಕಂಡಿಲ್ಲ, ಆಗಲೇ ಕೇಳಿದ್ದೀಯ: "ಅಕ್ಕ, ನಮ್ಮ ಪ್ರಯೋಗಾಲಯದಲ್ಲಿ ಸೋಮವಾರ ಬೆಳಿಗ್ಗೆ ಎಲ್ಲರೂ ಫುಟ್‌ಬಾಲ್ ಬಗ್ಗೆ ಜಗಳವಾಡುತ್ತಾರೆ. ತಂಡ ಗೆದ್ದಿರುತ್ತದೆ, ಆದರೂ ಯಾರನ್ನೋ ಕೆಲಸದಿಂದ ತೆಗೆಯಬೇಕಿತ್ತು ಎನ್ನುತ್ತಾರೆ. ನನಗೆ ತಲೆಬುಡ ಗೊತ್ತಾಗುವುದಿಲ್ಲ. ಇಲ್ಲಿ ಬದುಕಲು ಇದನ್ನೂ ಕಲಿಯಬೇಕೆ?" ವೀಸಾ, ಹಳೆಯ ಕಾರು, ಸೋನಾ ಮಸೂರಿ ಅಕ್ಕಿ ಇವುಗಳ ಬಗ್ಗೆ ಹೇಳುವವರು ಊರ ತುಂಬ ಇದ್ದಾರೆ. ನೀನು ಇದನ್ನು ಕೇಳಿದ್ದು ನನಗೆ ಹಿಡಿಸಿತು.

ಅವರ ಜಗಳ ಅಯೋವಾ ವಿಶ್ವವಿದ್ಯಾಲಯದ ಅಮೆರಿಕನ್ ಫುಟ್‌ಬಾಲ್ ತಂಡದ ಬಗ್ಗೆ. ಕಲಿಯಲೇಬೇಕೆಂಬ ನಿಯಮವಿಲ್ಲ. ನಮ್ಮವರಲ್ಲಿ ಎಷ್ಟೋ ಜನ ಪಂದ್ಯದ ದಿನ ರಸ್ತೆ ಎಲ್ಲಿ ಮುಚ್ಚುತ್ತದೆ ಎಂಬುದನ್ನಷ್ಟೇ ತಿಳಿದುಕೊಂಡು ಇಪ್ಪತ್ತು ವರ್ಷ ನೆಮ್ಮದಿಯಾಗಿ ಕಳೆದಿದ್ದಾರೆ. ಆದರೆ ಸೋಮವಾರದ ಮಾತಿಗೆ ಸೇರಬೇಕೆಂಬ ಆಸೆ ನಿನಗಿದ್ದರೆ ನಿಯಮ ಪುಸ್ತಕ ಹಿಡಿದು ಕೂರಬೇಡ. ಜಗಳ ಯಾವುದರ ಬಗ್ಗೆ ಎಂದು ಮೊದಲು ತಿಳಿದುಕೋ. ಆಟ ಅದರ ಹಿಂದೆಯೇ ಬರುತ್ತದೆ.

ಆಟ ಇಷ್ಟೇ. ಮೈದಾನ 100 ಯಾರ್ಡ್. ಚೆಂಡು ಇರುವ ತಂಡಕ್ಕೆ ನಾಲ್ಕು ಅವಕಾಶ. ಅಷ್ಟರೊಳಗೆ 10 ಯಾರ್ಡ್ ಮುಂದೆ ಹೋದರೆ ಮತ್ತೆ ನಾಲ್ಕು ಸಿಗುತ್ತವೆ, ಇಲ್ಲವಾದರೆ ಚೆಂಡು ಎದುರಾಳಿಯದು. ಮೂರು ಅವಕಾಶಗಳಲ್ಲಿ ಸಾಧ್ಯವಾಗದಿದ್ದರೆ ಸಾಮಾನ್ಯವಾಗಿ ನಾಲ್ಕನೆಯದರಲ್ಲಿ ಚೆಂಡನ್ನು ಒದ್ದು ಆದಷ್ಟು ದೂರ ಕಳುಹಿಸುತ್ತಾರೆ. ಅದು ಪಂಟ್. ಪ್ರತಿ ಸಲ ಚೆಂಡು ಹಿಡಿದು ಓಡಬೇಕೇ, ಎಸೆಯಬೇಕೇ, ಯಾರತ್ತ ಎಸೆಯಬೇಕು ಎಂದು ನಿರ್ಧರಿಸುವವನು ಆಫೆನ್ಸಿವ್ ಕೋಆರ್ಡಿನೇಟರ್, ಅಂದರೆ ಆಫೆನ್ಸ್ ಎಂಬ ದಾಳಿಯ ಪಡೆಯ ತರಬೇತುದಾರ. ಒಂದು ಪಂದ್ಯದಲ್ಲಿ ಅರವತ್ತು ಎಪ್ಪತ್ತು ಸಲ ಅವನು ಈ ನಿರ್ಧಾರ ಮಾಡಬೇಕು, ಪ್ರತಿ ಸಲಕ್ಕೂ ಗಡಿಯಾರದಲ್ಲಿ ಇರುವುದು 40 ಸೆಕೆಂಡ್. ಆ 40 ಸೆಕೆಂಡ್‌ಗಳು ನೋಡುವವರಿಗೂ ಸಿಗುತ್ತವಲ್ಲ, ಕಿತಾಪತಿಯ ಮೂಲ ಅಲ್ಲಿದೆ. ನಾವು ಊರಿನಲ್ಲಿ ಫುಟ್‌ಬಾಲ್ ಎನ್ನುವ ಆಟದಲ್ಲಿ ಚೆಂಡು ನಿಲ್ಲುವುದೇ ಇಲ್ಲ. ಈ ಆಟದಲ್ಲಿ ಪ್ರತಿ ನಡೆಯ ನಂತರ ಎಲ್ಲ ನಿಲ್ಲುತ್ತದೆ, ಅಷ್ಟರಲ್ಲಿ ಕಿನ್ನಿಕ್ ಕ್ರೀಡಾಂಗಣದ 69,000 ಜನರೂ ತರಬೇತುದಾರರಾಗುತ್ತಾರೆ.

ಅವರ ದೂರು ಒಂದೇ ಸಾಲಿನದು: "ಓಟ, ಓಟ, ಪಾಸ್, ಪಂಟ್." ಮೊದಲ ಅವಕಾಶದಲ್ಲಿ ನಡುವಿನಿಂದ ಓಡಿ ಎರಡು ಯಾರ್ಡ್. ಎರಡನೆಯದರಲ್ಲೂ ಅದೇ ದಾರಿ, ಒಂದು ಯಾರ್ಡ್. ಮೂರನೆಯದಕ್ಕೆ ಏಳು ಯಾರ್ಡ್ ಬೇಕಿರುವಾಗ ನಾಲ್ಕು ಯಾರ್ಡ್ ದೂರದಲ್ಲಿ ನಿಂತವನಿಗೆ ಒಂದು ಪಾಸ್. ಅವನು ಹಿಡಿಯುತ್ತಾನೆ, ಅಲ್ಲೇ ಬೀಳುತ್ತಾನೆ. ಪಂಟ್ ಮಾಡುವವನು ಮೈದಾನಕ್ಕೆ ಬರುತ್ತಾನೆ. ಮುಂದೇನಾಗುತ್ತದೆ ಎಂದು ಮೇಲಿನ ಸಾಲಿನಲ್ಲಿ ಕುಳಿತ ಅಜ್ಜಿಗೂ ಗೊತ್ತಿದ್ದರೆ ಎದುರಾಳಿಗೆ ಗೊತ್ತಿರುವುದಿಲ್ಲವೇ ಎಂಬುದು ಅವರ ಪ್ರಶ್ನೆ. ನ್ಯಾಯವಾದ ಪ್ರಶ್ನೆಯೇ.

ಇದಕ್ಕೆ ಉತ್ತರವೂ ಇದೆ, ಅದು ಕರ್ಕ್ ಫೆರೆಂಟ್ಜ್ ಅವರದು. ಆತ 1999ರಿಂದ ಇಲ್ಲಿಯ ಮುಖ್ಯ ತರಬೇತುದಾರ. ಅವರ ಲೆಕ್ಕದಲ್ಲಿ ಪಂಟ್ ಎಂದರೆ ಸೋಲೊಪ್ಪಿದಂತೆ ಅಲ್ಲ. ಎದುರಾಳಿಯನ್ನು ಅವರದೇ ಗೆರೆಯ ಹತ್ತಿರಕ್ಕೆ ತಳ್ಳಿ, 90 ಯಾರ್ಡ್ ನಡೆದು ಬಾ ಎಂದು ಹೇಳು. ತಂಡದ ಇನ್ನೊಬ್ಬ ತರಬೇತುದಾರ ಫಿಲ್ ಪಾರ್ಕರ್ ಕಟ್ಟಿದ ಡಿಫೆನ್ಸ್, ಅಂದರೆ ತಡೆಯುವ ಪಡೆ, ಎದುರಿಗಿರುವಾಗ ಅಷ್ಟು ದೂರ ತಪ್ಪು ಮಾಡದೆ ಬರುವವರು ಅಪರೂಪ. ಅವರ ತಪ್ಪಿಗೆ ಕಾಯಿ, ನಿನ್ನ ಚೆಂಡನ್ನು ಜೋಪಾನವಾಗಿಟ್ಟುಕೋ, ಚೆಂಡನ್ನು ಕಂಬಗಳ ನಡುವೆ ಒದ್ದು ಗಳಿಸುವ ಮೂರು ಅಂಕದ ಫೀಲ್ಡ್ ಗೋಲ್ ಸಿಕ್ಕರೆ ತೆಗೆದುಕೊಂಡು ಮನೆಗೆ ನಡೆ.

ಈ ಲೆಕ್ಕ ಎಲ್ಲಿಗೆ ಮುಟ್ಟಬಹುದು ಎಂಬುದಕ್ಕೆ 2022ರ ಮೊದಲ ಪಂದ್ಯವನ್ನು ಇಲ್ಲಿಯವರು ಇಂದಿಗೂ ನೆನೆಯುತ್ತಾರೆ. ಕೆಳಗಿನ ವಿಭಾಗದ ಸೌತ್ ಡಕೋಟಾ ಸ್ಟೇಟ್ ವಿರುದ್ಧ ಅಯೋವಾ 7–3ರಿಂದ ಗೆದ್ದಿತು. ಏಳು ಅಂಕ ಎಂದರೆ ಒಂದು ಟಚ್‌ಡೌನ್, ಅಂದರೆ ಚೆಂಡನ್ನು ಎದುರಾಳಿಯ ಕೊನೆಯ ಗೆರೆ ದಾಟಿಸಿದ್ದು, ಇರಬೇಕು ಎಂದುಕೊಳ್ಳುತ್ತೀಯ. ಇರಲಿಲ್ಲ. ಒಂದು ಫೀಲ್ಡ್ ಗೋಲ್‌ಗೆ ಮೂರು. ಉಳಿದ ನಾಲ್ಕು ಎರಡು ಸೇಫ್ಟಿಗಳಿಂದ, ಅಂದರೆ ಎದುರಾಳಿಯನ್ನು ಅವರದೇ ಕೊನೆಯ ಗೆರೆಯ ಆಚೆ ಕೆಡವಿದ್ದರಿಂದ ಬಂದವು. ಸೇಫ್ಟಿ ಗಳಿಸುವುದು ಡಿಫೆನ್ಸ್. ನಮ್ಮ ಆಫೆನ್ಸ್‌ಗಿಂತ ಡಿಫೆನ್ಸ್ ಹೆಚ್ಚು ಅಂಕ ಗಳಿಸಿದ ಪಂದ್ಯ ಅದು. ಜನ ಗೆದ್ದು ಮನೆಗೆ ಹೋದರು, ಮುಖ ಗಂಟಿಕ್ಕಿಕೊಂಡು.

ಆ ವರ್ಷ ಮುಗಿದಾಗ ಅಯೋವಾದ ಆಫೆನ್ಸ್ ಒಟ್ಟು ಯಾರ್ಡ್‌ಗಳಲ್ಲಿ ದೇಶದ 131 ತಂಡಗಳ ಪೈಕಿ 130ನೆಯದು. ಇನ್ನೊಂದು ಸಂಗತಿ ಸೇರಿದ್ದರಿಂದ ಈ ಜಗಳ ಊಟದ ಮೇಜಿನವರೆಗೂ ಬಂತು: ಆಫೆನ್ಸಿವ್ ಕೋಆರ್ಡಿನೇಟರ್ ಬ್ರಯನ್ ಫೆರೆಂಟ್ಜ್, ಮುಖ್ಯ ತರಬೇತುದಾರರ ಮಗ. ವಿಶ್ವವಿದ್ಯಾಲಯದಲ್ಲಿ ತಂದೆಯ ಕೈಕೆಳಗೆ ಮಗ ಕೆಲಸ ಮಾಡುವಂತಿಲ್ಲವಾದ್ದರಿಂದ ಕಾಗದದ ಮೇಲೆ ಅವರು ಕ್ರೀಡಾ ನಿರ್ದೇಶಕರಿಗೆ ವರದಿ ಮಾಡಬೇಕಿತ್ತು. ನಿನಗೆ ಇದು ಹೊಸದೇನಲ್ಲ. ನಮ್ಮ ರೋಜರ್ ಬಿನ್ನಿ ರಾಷ್ಟ್ರೀಯ ಆಯ್ಕೆಗಾರರಾಗಿದ್ದಾಗ ಸ್ಟುವರ್ಟ್ ಬಿನ್ನಿ ಭಾರತ ತಂಡಕ್ಕೆ ಬಂದದ್ದು, ಮಗನ ಹೆಸರು ಚರ್ಚೆಗೆ ಬಂದಾಗ ತಂದೆ ಎದ್ದು ಹೊರಗೆ ಹೋಗುತ್ತಿದ್ದರೆಂದು ಪತ್ರಿಕೆಗಳು ಬರೆದದ್ದು, ಆದರೂ ಬೆಂಗಳೂರಿನ ಹೋಟೆಲುಗಳಲ್ಲಿ ಜನ ಆಡಿಕೊಂಡದ್ದು ನಿನಗೆ ನೆನಪಿರಬಹುದು. ಆ ಹುಡುಗ 2014ರಲ್ಲಿ ಢಾಕಾದಲ್ಲಿ 4 ರನ್‌ಗೆ 6 ವಿಕೆಟ್ ತೆಗೆದ ಮೇಲೆ ಕೆಲವು ಬಾಯಿಗಳಾದರೂ ಮುಚ್ಚಿದವು. ಬ್ರಯನ್ ಅವರಿಗೆ ಅಂಥ ದಿನ ಸಿಗಲಿಲ್ಲ.

ಸಿಕ್ಕಿದ್ದು ಒಂದು ವಿಚಿತ್ರ ಒಪ್ಪಂದ. 2023ರ ಫೆಬ್ರುವರಿಯಲ್ಲಿ ಅವರ ಸಂಬಳವನ್ನು 9 ಲಕ್ಷ ಡಾಲರ್‌ನಿಂದ 8.5 ಲಕ್ಷಕ್ಕೆ ಇಳಿಸಿ ಒಂದು ಷರತ್ತು ಹಾಕಿದರು: ತಂಡ ಪಂದ್ಯಕ್ಕೆ ಸರಾಸರಿ 25 ಅಂಕ ಗಳಿಸಬೇಕು, ಕನಿಷ್ಠ 7 ಪಂದ್ಯ ಗೆಲ್ಲಬೇಕು. 13 ಪಂದ್ಯಕ್ಕೆ 325 ಅಂಕ. ಡಿಫೆನ್ಸ್ ಗಳಿಸಿದ ಅಂಕವೂ ಲೆಕ್ಕಕ್ಕೆ ಸೇರುತ್ತದೆ ಎಂಬ ಕರುಣೆಯೂ ಅದರಲ್ಲಿತ್ತು. ಅಲ್ಲಿಂದ ಮುಂದೆ ಪ್ರತಿ ಶನಿವಾರ ಜನ ಪಂದ್ಯದ ಫಲಿತಾಂಶಕ್ಕಿಂತ 325ಕ್ಕೆ ಇನ್ನೆಷ್ಟು ಎಂದು ಎಣಿಸತೊಡಗಿದರು. ಕಿರಾಣಿ ಅಂಗಡಿಯಲ್ಲಿ ಬಿಲ್ ಮಾಡುವ ಹುಡುಗಿಯೂ ನನಗೆ ಆ ವಾರದ ಮೊತ್ತ ಹೇಳುತ್ತಿದ್ದಳು, ನಾನು ಕೇಳದೆಯೇ.

2023ರ ಅಂಕಿಗಳನ್ನು ನೋಡು, ಇಂಥದ್ದು ಮತ್ತೆ ಸಿಗುವುದಿಲ್ಲ. ಫೈನಲ್ ಒಂದು ಹೆಚ್ಚಾಗಿ ಬಂದು ಒಟ್ಟು 14 ಪಂದ್ಯಗಳಲ್ಲಿ ಅಯೋವಾ ಗಳಿಸಿದ ಅಂಕ 216, ಕೊಟ್ಟ ಅಂಕ 207. ಈ ಒಂಬತ್ತು ಅಂಕದ ಲಾಭದಲ್ಲಿ 10 ಗೆಲುವು! ನಾರ್ತ್‌ವೆಸ್ಟರ್ನ್ ವಿರುದ್ಧ 10–7, ಇಲಿನಾಯ್ ವಿರುದ್ಧ 15–13, ನೆಬ್ರಾಸ್ಕಾ ವಿರುದ್ಧ 13–10. ಸೋತ ನಾಲ್ಕರಲ್ಲಿ ಮೂರು ಪಂದ್ಯಗಳಲ್ಲಿ ಸೊನ್ನೆ: ಪೆನ್ ಸ್ಟೇಟ್ 31–0, ಮಿಷಿಗನ್ 26–0, ಟೆನ್ನೆಸ್ಸೀ 35–0. ಇನ್ನೊಂದು ಮಿನ್ನೆಸೋಟಾ ವಿರುದ್ಧ 12–10. ಅಲ್ಲಿ ಕೊನೆಯಲ್ಲಿ ಕೂಪರ್ ಡಿಜೀನ್ ಪಂಟ್ ಹಿಡಿದು ಓಡಿ ಗಳಿಸಿದ ಟಚ್‌ಡೌನನ್ನು, ಅವನು ಕೈ ಬೀಸಿದ್ದು ಚೆಂಡು ಹಿಡಿದು ಓಡುವುದಿಲ್ಲ ಎಂಬ ಸಂಜ್ಞೆಯಾಯಿತೆಂದು ತೀರ್ಪುಗಾರರು ರದ್ದು ಮಾಡಿದರು. ಆ ವಿಷಯ ನಿನ್ನ ಪ್ರಯೋಗಾಲಯದಲ್ಲಿ ಎತ್ತಬೇಡ, ಅಂದಿನ ಕೆಲಸ ಕೆಡುತ್ತದೆ. ಅದಾದ ಹತ್ತು ದಿನದೊಳಗೆ, ಅಕ್ಟೋಬರ್ ಕೊನೆಯಲ್ಲಿ, ಹಂಗಾಮಿ ಕ್ರೀಡಾ ನಿರ್ದೇಶಕಿ ಬೆತ್ ಗೋಟ್ಜ್ ಬ್ರಯನ್ ಈ ಋತುವಿನ ನಂತರ ಇರುವುದಿಲ್ಲ ಎಂದು ಪ್ರಕಟಿಸಿದರು. ತಂಡ ಅಷ್ಟರಲ್ಲಿ ಆರು ಗೆದ್ದು ಎರಡು ಸೋತಿತ್ತು.

ಈಗ ನನ್ನ ಅಭಿಪ್ರಾಯ, ನೀನು ಕೇಳದಿದ್ದರೂ. 2023ರ ಎಲ್ಲ ಪಾಪವನ್ನೂ ಮಗನ ತಲೆಗೆ ಕಟ್ಟುವುದು ತಪ್ಪು. ಕ್ವಾರ್ಟರ್‌ಬ್ಯಾಕ್, ಅಂದರೆ ಪಾಸ್ ಎಸೆಯುವವನು, ಕೇಡ್ ಮೆಕ್‌ನಮಾರಾ ಸೆಪ್ಟೆಂಬರ್‌ನಲ್ಲೇ ಗಾಯಗೊಂಡು ಹೊರಗುಳಿದ. ಪಾಸ್ ಹಿಡಿಯಲು ನಂಬಿಕೊಂಡಿದ್ದ ಇಬ್ಬರು ಟೈಟ್ ಎಂಡ್‌ಗಳೂ ಒಬ್ಬರ ಹಿಂದೊಬ್ಬರು ಹೋದರು. ಬದಲಿಗೆ ಬಂದ ಹುಡುಗನ ಪಾಸ್‌ಗಳಲ್ಲಿ ಅರ್ಧಕ್ಕಿಂತ ಕಡಿಮೆ ಕೈಸೇರಿದವು. ಅಂಥ ಸ್ಥಿತಿಯಲ್ಲಿ ದೂರಕ್ಕೆ ಎಸೆಯೋಣ ಎಂದು ಕೂಗುವುದು ಸುಲಭ, ಎಸೆಯುವವರು ಬೇಕಲ್ಲ. ಆದರೆ 2022ಕ್ಕೆ ಈ ಸಬೂಬು ಸಾಲುವುದಿಲ್ಲ. ಜೊತೆಗೆ ಆ ಮೂರು ಸೊನ್ನೆಗಳು ತಂದೆಯ ಲೆಕ್ಕದ ಮೇಲೇ ಪ್ರಶ್ನೆ ಎತ್ತುತ್ತವೆ. ಎದುರಾಳಿ ತಪ್ಪು ಮಾಡಲಿ ಎಂದು ಕಾಯುವ ಯೋಜನೆ ಸಮಬಲದವರ ಮುಂದೆ ನಡೆಯುತ್ತದೆ. ತಪ್ಪು ಮಾಡದ ದೊಡ್ಡ ತಂಡ ಬಂದಾಗ ಕೈಯಲ್ಲಿ ಬೇರೇನೂ ಉಳಿಯುವುದಿಲ್ಲ. ಹೀಗಾಗಿ ಯಾವ ನಡೆ ಆರಿಸಿದರು ಎಂಬುದಕ್ಕಿಂತ, ಆರಿಸಿಕೊಳ್ಳಲು ಎಷ್ಟು ನಡೆಗಳನ್ನು ಕಲಿಸಿದ್ದರು ಎಂಬುದೇ ನನ್ನ ತಕರಾರು. ನನ್ನ ಗಂಡ ಇದನ್ನು ಒಪ್ಪುವುದಿಲ್ಲ. ಆತನಿಗೆ ಪಂಟ್ ಎಂದರೆ ಪ್ರಾಣ.

ಪಂಟ್ ಎಂದಾಗ ಟೋರಿ ಟೇಲರ್ ಬಗ್ಗೆ ಹೇಳದೆ ಹೋಗಲಾರೆ. ಮೆಲ್ಬರ್ನ್‌ನ ಹುಡುಗ, ಬೆಳೆದದ್ದು ಆಸ್ಟ್ರೇಲಿಯಾದ ಬೇರೆಯೇ ಬಗೆಯ ಫುಟ್‌ಬಾಲ್ ಆಡುತ್ತ. ಇಲ್ಲಿಗೆ ಬಂದು ಒಂದೇ ಕೆಲಸ ಮಾಡಿದ, ಒದ್ದ. 2023ರಲ್ಲಿ ಅವನು ಒದ್ದ ಪಂಟ್‌ಗಳ ಒಟ್ಟು ದೂರ 4,479 ಯಾರ್ಡ್. 1938ರಿಂದ ನಿಂತಿದ್ದ ದಾಖಲೆ ಮುರಿಯಿತು. ಆಫೆನ್ಸ್ ಅಷ್ಟು ಸಲ ಸೋತದ್ದರಿಂದಲೇ ಅವನಿಗೆ ಅಷ್ಟು ಒದೆಯಲು ಸಿಕ್ಕಿತು ಎಂಬುದನ್ನು ಎಲ್ಲರೂ ಬಲ್ಲರು. ಆದರೂ "ಪಂಟ್ ಮಾಡುವುದೇ ಗೆಲ್ಲುವುದು" ಎಂಬ ಅಂಗಿ ತೊಟ್ಟು ಕ್ರೀಡಾಂಗಣಕ್ಕೆ ಹೋದರು. ಟಚ್‌ಡೌನ್‌ಗೆ ಎಷ್ಟೋ ಪಂಟ್‌ಗೂ ಅಷ್ಟೇ ಚಪ್ಪಾಳೆ. ಹೊರಗಿನವನನ್ನು ಈ ಊರು ಹೇಗೆ ತನ್ನವನನ್ನಾಗಿ ಮಾಡಿಕೊಳ್ಳುತ್ತದೆ ಎಂದು ನೀನು ಮುಂದೆ ಎಂದಾದರೂ ಯೋಚಿಸಿದರೆ ಆ ಅಂಗಿಯನ್ನು ನೆನೆದುಕೋ.

ನಂತರ ಬ್ರಯನ್ ಜಾಗಕ್ಕೆ ಟಿಮ್ ಲೆಸ್ಟರ್ ಬಂದರು. 2024ರಲ್ಲಿ ಕೇಲೆಬ್ ಜಾನ್ಸನ್ 1,500 ಯಾರ್ಡ್‌ಗಿಂತ ಹೆಚ್ಚು ಓಡಿದ, ಅಂಕಗಳು ಏರಿದವು. ಜಗಳ ನಿಂತಿತೇ? ಈಗ ಪಾಸ್ ಸಾಲದು ಎಂದು. 2025ಕ್ಕೆ ಕ್ವಾರ್ಟರ್‌ಬ್ಯಾಕ್ ಆಗಿ ಬಂದವನು ಮಾರ್ಕ್ ಗ್ರೊನೋಸ್ಕಿ, ಆ 7–3ರ ಪಂದ್ಯದಲ್ಲಿ ಎದುರಾಳಿ ತಂಡದಲ್ಲಿದ್ದವನೇ! ಅದೇ ಸೆಪ್ಟೆಂಬರ್‌ನಲ್ಲಿ ಕರ್ಕ್ 206ನೆಯ ಗೆಲುವಿನೊಂದಿಗೆ ಅಯೋವಾ ಆಡುವ ವಿಶ್ವವಿದ್ಯಾಲಯಗಳ ಒಕ್ಕೂಟವಾದ ಬಿಗ್ ಟೆನ್ ಇತಿಹಾಸದಲ್ಲೇ ಹೆಚ್ಚು ಪಂದ್ಯ ಗೆದ್ದ ತರಬೇತುದಾರರಾದರು. ಎದ್ದು ನಿಂತು ಚಪ್ಪಾಳೆ ತಟ್ಟಿದವರೇ ಮುಂದಿನ ವಾರ ಮೂರನೆಯ ಅವಕಾಶದಲ್ಲಿ ಓಡಿದ್ದಕ್ಕೆ ಗೊಣಗಿದರು.

ಇಷ್ಟೊಂದು ಯಾಕೆ ಎಂದರೆ, ಈ ರಾಜ್ಯಕ್ಕೆ ದೊಡ್ಡ ವೃತ್ತಿಪರ ಫುಟ್‌ಬಾಲ್ ತಂಡವೇ ಇಲ್ಲ. ಜೋಳದ ಹೊಲಗಳ ನಡುವಿನ ಸಣ್ಣ ಊರಿನವನಿಗೂ ಇದೇ ತಂಡ, ಇಲ್ಲವೇ ಏಮ್ಸ್‌ನಲ್ಲಿರುವ ಅಯೋವಾ ಸ್ಟೇಟ್.

ಇನ್ನು ನಿನಗೆ ಬೇಕಾದದ್ದು. ಸೋಮವಾರ ಮಾತು ಶುರುವಾದಾಗ ತಿಳಿದವನಂತೆ ನಟಿಸಬೇಡ. "ಮೂರನೆಯ ಅವಕಾಶದಲ್ಲಿ ಎಂಟು ಯಾರ್ಡ್ ಬೇಕಿರುವಾಗ ಯಾಕೆ ಓಡಿದರು?" ಎಂದು ಕೇಳು, ಸಾಕು. ಅರ್ಧ ಗಂಟೆ ನೀನು ಬಾಯಿ ತೆರೆಯಬೇಕಾಗಿಲ್ಲ. ತಂಡವನ್ನು ಬೈಯುವ ಹಕ್ಕು ಮಾತ್ರ ಕೂಡಲೇ ಸಿಗುವುದಿಲ್ಲ. ಮನೆಯವರು ಮನೆಯವರನ್ನು ಬೈಯುವುದು ಬೇರೆ, ನೆಂಟ ಬೈಯುವುದು ಬೇರೆ. ಎರಡು ಚಳಿಗಾಲ ಮುಗಿಯಲಿ. ಕೆಂಪು ಅಂಗಿಯನ್ನು ಶನಿವಾರ ತೊಡಬೇಡ: ಅಯೋವಾ ಸ್ಟೇಟ್, ನೆಬ್ರಾಸ್ಕಾ, ವಿಸ್ಕಾನ್ಸಿನ್, ಈ ಮೂವರು ವೈರಿಗಳೂ ಕೆಂಪು ಬಣ್ಣದವರು. ಕಪ್ಪು, ಹಳದಿ ಕ್ಷೇಮ. ತರಕಾರಿ ತರಲು ಪಂದ್ಯ ನಡೆಯುತ್ತಿರುವ ಹೊತ್ತೇ ಒಳ್ಳೆಯದು, ಅಂಗಡಿ ಖಾಲಿ ಇರುತ್ತದೆ. ಪಂದ್ಯ ಬಿಟ್ಟ ಮೇಲೆ ಮೆಲ್ರೋಸ್ ಅವೆನ್ಯೂ ಕಡೆಗೆ ಕಾರು ತಿರುಗಿಸಬೇಡ. ಕ್ರೀಡಾಂಗಣಕ್ಕೆ ಹೋಗುವುದಾದರೆ ಸೆಪ್ಟೆಂಬರ್‌ನಲ್ಲಿ ಹೋಗು. ನವೆಂಬರ್‌ನಲ್ಲಿ ಆ ಕಬ್ಬಿಣದಂಥ ಚಳಿಯಲ್ಲಿ 10–7ರ ಪಂದ್ಯ ನೋಡುವುದು ಹುಟ್ಟಾ ಇಲ್ಲಿಯವರಿಗೇ ಕಷ್ಟ. ಮೊದಲ ಕ್ವಾರ್ಟರ್ ಮುಗಿದ ಕೂಡಲೇ ಎರಡೂ ಕಡೆಯ ಅಭಿಮಾನಿಗಳು ಎದ್ದು, ಪಕ್ಕದ ಮಕ್ಕಳ ಆಸ್ಪತ್ರೆಯ ಕಿಟಕಿಗಳತ್ತ ಕೈ ಬೀಸುತ್ತಾರೆ, 2017ರಲ್ಲಿ ಶುರುವಾದದ್ದು. ಆಗ ತಿಂಡಿ ತರಲು ಎದ್ದು ಹೋಗಬೇಡ.

ಅಷ್ಟು ದುಡ್ಡು ಟಿಕೆಟ್‌ಗೆ ಯಾಕೆ ಎನಿಸಿದರೆ ಮುಂದಿನ ಪಂದ್ಯಕ್ಕೆ ನಮ್ಮ ಮನೆಗೆ ಬಾ, ಟಿವಿಯಲ್ಲಿ ನೋಡೋಣ. ನಾಲ್ಕನೆಯ ಅವಕಾಶದಲ್ಲಿ ಎರಡು ಯಾರ್ಡ್ ಬೇಕಿದ್ದರೆ ನನ್ನ ಗಂಡ ಪಂಟ್ ಎನ್ನುತ್ತಾರೆ, ಇಲ್ಲೇ ಹುಟ್ಟಿದ ಮಗಳು ಓಡಿ ಎಂದು ಕಿರುಚುತ್ತಾಳೆ. ನೀನು ಯಾರ ಕಡೆ ಎಂದು ಇಬ್ಬರೂ ಕೇಳುತ್ತಾರೆ, ಯೋಚಿಸಿಕೊಂಡು ಬಾ. ಮಧ್ಯಾಹ್ನಕ್ಕೆ ಬಿಸಿಬೇಳೆ ಬಾತ್ ಮಾಡುತ್ತೇನೆ. ಬರುವಾಗ ಮೊಸರು ತಂದರೆ ಉಪಕಾರ.