ತಲಪಾಡಿಯ ಈಚೆ ಲಾಟರಿ, ಆಚೆ ಪೆಟ್ರೋಲು

ಕ್ರಿಕೆಟ್ ಬೆಟ್ಟಿಂಗಿಗೆ ರಾಜ್ಯ ಸರಕಾರಗಳೇ ಲೈಸೆನ್ಸ್ ಕೊಟ್ಟುಬಿಟ್ಟರೆ ಏನಾಗುತ್ತದೆ, ಗಡಿಯಲ್ಲಿರುವ ನಿಮಗೆ ಗೊತ್ತಿರಬೇಕಲ್ಲ ಅಂತ ಕೇಳಿದ್ದೀರಿ. ಬೆಟ್ಟಿಂಗ್ ನಮ್ಮಲ್ಲಿಯೂ ಕಳ್ಳ ವ್ಯವಹಾರವೇ ಮಾರಾಯ್ರೆ. ಆದರೆ ಒಂದು ರಾಜ್ಯದಲ್ಲಿ ಸರಕಾರವೇ ಕೂತು ಆಡಿಸುವ ಆಟ, ಪಕ್ಕದ ರಾಜ್ಯದಲ್ಲಿ ಬಂದ್ ಆಗಿದ್ದರೆ ಹೇಗಿರುತ್ತದೆ ಅಂತ ನಾವು ದಿನಾ ನೋಡುತ್ತೇವೆ. ಅದನ್ನು ಹೇಳಬಹುದು.

ನಮ್ಮದು ಕೇರಳದ ಕಾಸರಗೋಡು ಜಿಲ್ಲೆಯ ಮಂಜೇಶ್ವರದ ಕಡೆ. ಮನೆಯಲ್ಲಿ ತುಳು, ಶಾಲೆಯಲ್ಲಿ ಕನ್ನಡ, ಸರಕಾರಿ ಆಫೀಸಿಗೆ ಹೋದರೆ ಮಲಯಾಳ. ಗಡಿಯ ತಲಪಾಡಿ ಗೇಟು ದಾಟಿದರೆ ಕರ್ನಾಟಕದ ದಕ್ಷಿಣ ಕನ್ನಡ. ಬೈಕಿಗೆ ಪೆಟ್ರೋಲ್ ಹಾಕಿಸಲು ನಾವು ಆಚೆ ಹೋಗುತ್ತೇವೆ, ಕರ್ನಾಟಕದಲ್ಲಿ ರೇಟು ಕಡಿಮೆ. ಮಂಗಳೂರಿನವರು ಲಾಟರಿಗೆ ಈಚೆ ಬರುತ್ತಾರೆ. ಕರ್ನಾಟಕ 2007ರ ಏಪ್ರಿಲ್‌ನಿಂದ ಲಾಟರಿ ನಿಲ್ಲಿಸಿತು. ಕೇರಳ 1967ರ ನವೆಂಬರ್ 1ಕ್ಕೆ ಒಂದು ರೂಪಾಯಿಯ ಟಿಕೆಟ್ ಮಾರಲು ಶುರು ಮಾಡಿದ್ದು ಇವತ್ತಿಗೂ ಬಿಟ್ಟಿಲ್ಲ. ಆಚೆಯವರಿಗೆ ಅದೇ ದಿನ ರಾಜ್ಯೋತ್ಸವ ನೋಡಿ!

ನಮ್ಮ ಬಸ್ ಸ್ಟಾಪಿನಲ್ಲಿ ಒಬ್ಬರು ಅಜ್ಜ ಟಿಕೆಟ್ ಮಾರುತ್ತಾರೆ. ಒಂದು ಸಣ್ಣ ಮೇಜು, ಮೇಲೆ ಹಲಗೆ, ಹಲಗೆಗೆ ಟಿಕೆಟುಗಳನ್ನು ಬಟ್ಟೆ ಕ್ಲಿಪ್ ಹಾಕಿ ಸಾಲಾಗಿ ಸಿಕ್ಕಿಸಿದ್ದು. ಮಳೆ ಬಂದರೆ ಪ್ಲಾಸ್ಟಿಕ್ ಹೊದಿಸುತ್ತಾರೆ. ಕೆಎ 19, ಅಂದರೆ ಮಂಗಳೂರು ನಂಬರಿನ ಬೈಕು ನಿಂತಿತು ಅಂದರೆ ಅವರಿಗೆ ಗೊತ್ತಾಗುತ್ತದೆ, ಇವರು ಒಂದೆರಡು ತೆಗೆದುಕೊಂಡು ಹೋಗುವವರಲ್ಲ ಅಂತ. ಕೆಲವರು ಕೊನೆಯ ನಾಲ್ಕು ಅಂಕಿ ಒಂದೇ ಇರುವ ಟಿಕೆಟುಗಳನ್ನು ಸೆಟ್ಟಾಗಿ ಕೇಳುತ್ತಾರೆ. ಕೆಲವರು ಅಂಕಿಗಳನ್ನು ಕೂಡಿಸಿ, ತುಟಿಯೊಳಗೇ ಏನೋ ಹೇಳಿಕೊಂಡು, ಮೇಲಿನ ಸಾಲು ಬಿಟ್ಟು ಕೆಳಗಿನದ್ದಕ್ಕೆ ಕೈ ಹಾಕುತ್ತಾರೆ. ಡ್ರಾ ಮಧ್ಯಾಹ್ನ ಮೂರಕ್ಕೆ, ತಿರುವನಂತಪುರದಲ್ಲಿ. ಐದು ಸಾವಿರದವರೆಗಿನ ಬಹುಮಾನ ಅಂಗಡಿಯಲ್ಲೇ ಸಿಗುತ್ತದೆ. ನೂರು ಬಂದವರು ನೂರು ತೆಗೆದುಕೊಂಡು ಮನೆಗೆ ಹೋದದ್ದನ್ನು ನಾನು ನೋಡಿಲ್ಲ. ಅದೇ ದುಡ್ಡಿಗೆ ನಾಳೆಯ ಟಿಕೆಟ್ ಹರಿಸಿಕೊಳ್ಳುತ್ತಾರೆ.

ಬಂಪರ್ ಸೀಸನ್ ಬಂದರೆ ಕೇಳುವುದೇ ಬೇಡ. 2024ರ ಓಣಂ ಬಂಪರಿನ 25 ಕೋಟಿ ಹೊಡೆದದ್ದು ಮಂಡ್ಯ ಜಿಲ್ಲೆ ಪಾಂಡವಪುರದ ಒಬ್ಬ ಮೆಕ್ಯಾನಿಕ್‌ಗೆ, ವಯನಾಡಿನಲ್ಲಿ ಕೊಂಡ 500 ರೂಪಾಯಿ ಟಿಕೆಟಿಗೆ. ಆ ಸುದ್ದಿ ಬಂದ ಮೇಲೆ ಆಚೆಯಿಂದ ಬರುವವರೆಲ್ಲ ಅದೇ ಕಥೆ ಹೇಳಿದ್ದು. ಏಜೆಂಟ್ ಕಮಿಷನ್, ಮೂವತ್ತು ಪರ್ಸೆಂಟ್ ತೆರಿಗೆ, ಅದರ ಮೇಲೆ ಸರ್ಚಾರ್ಜು ಎಲ್ಲ ಕಳೆದರೆ ಕೈಗೆ ಹೆಚ್ಚುಕಡಿಮೆ ಅರ್ಧ ಅಂತ ಯಾರೂ ಹೇಳುವುದಿಲ್ಲ.

ಈಗ ನಿಮ್ಮ ಪ್ರಶ್ನೆಗೆ ಬರುತ್ತೇನೆ. ಕಾನೂನುಬದ್ಧ ಮಾಡಿದರೆ ಕಳ್ಳ ಆಟ ಸಾಯುತ್ತದೆ ಅಂತ ಟಿವಿಯಲ್ಲಿ ಹೇಳುತ್ತಾರಲ್ಲ, ಅದನ್ನು ನಾನು ಪೂರ್ತಿ ನಂಬುವುದಿಲ್ಲ. ಇಲ್ಲಿ ಸರಕಾರಿ ಲಾಟರಿಯ ಬೆನ್ನ ಮೇಲೇ ಒಂದು ಕಳ್ಳ ಲಾಟರಿ ಕೂತಿದೆ. ಮೂರು ಗಂಟೆಗೆ ಬರುವ ಸರಕಾರಿ ನಂಬರಿನ ಕೊನೆಯ ಅಂಕಿಗಳು ಯಾವುದು ಅಂತ ಬಾಜಿ. ಮೊದಲು ಚೀಟಿ ಬರೆಯುತ್ತಿದ್ದರು, ಈಗ ವಾಟ್ಸಾಪ್. ಡ್ರಾ ಮಾಡುವ ಖರ್ಚು ಸರಕಾರದ್ದು, ಲಾಭ ಇವರದ್ದು. ಆಗಾಗ ಪೊಲೀಸರು ಹಿಡಿಯುತ್ತಾರೆ, ಪೇಪರಿನಲ್ಲಿ ಬರುತ್ತದೆ, ಮತ್ತೆ ಶುರು.

ಕೋಳಿ ಅಂಕದ್ದು, ಅಂದರೆ ಬಾಜಿ ಕಟ್ಟಿ ಆಡಿಸುವ ಕೋಳಿ ಕಾಳಗದ್ದು, ಇನ್ನೂ ತಮಾಷೆ. ಎರಡೂ ಕಡೆ ನಿಷೇಧ, ಎರಡೂ ಕಡೆ ನಡೆಯುತ್ತದೆ. ಪೊಲೀಸರು ಬಂದರೆ ಜನ ಗುಡ್ಡ ಹತ್ತುತ್ತಾರೆ, ಸಿಕ್ಕಿಬೀಳುವುದು ಹುಂಜಗಳು. ಸಾಕುವುದು ಯಾರು? ಕೊನೆಗೆ ಹರಾಜು ಹಾಕುತ್ತಾರೆ. ಅಂಕದ ಕೋಳಿ ಅಂತ ಹೆಸರಿದ್ದರೆ ಕೂಗುವವರ ಕೈ ಬೇಗ ಕೆಳಗಿಳಿಯುವುದಿಲ್ಲ.

ಆದರೂ ಸರಕಾರಿ ಲಾಟರಿಯಿಂದ ಊರು ಹಾಳಾಯಿತು ಅಂತ ನಾನು ಹೇಳಲಾರೆ. ದಿನಾ ಟಿಕೆಟ್ ಕೊಂಡು ಕೂಲಿಯ ಒಂದು ಪಾಲು ಕಳೆಯುವವರು ಇದ್ದಾರೆ, ಸುಳ್ಳು ಹೇಳುವುದಿಲ್ಲ. ಆದರೆ ಅದು ನಿಧಾನದ ಆಟ. ದಿನಕ್ಕೆ ಒಂದು ಡ್ರಾ. ಸೋತರೆ ನಾಳೆಯವರೆಗೆ ಕಾಯಬೇಕು, ಅಷ್ಟರಲ್ಲಿ ಮನೆಗೆ ಅಕ್ಕಿ ತರಬೇಕಾಗುತ್ತದೆ, ತಲೆ ತಣ್ಣಗಾಗುತ್ತದೆ. ನೋಟು ಕೈಯಿಂದ ಎಣಿಸಿ ಕೊಡಬೇಕು. ಸಾಲ ಕೇಳಿದರೆ ಅಜ್ಜ ಬೈಯುತ್ತಾರೆ.

ಕ್ರಿಕೆಟ್ ಬೆಟ್ಟಿಂಗ್ ಹಾಗಲ್ಲ. ಯಾರು ಗೆಲ್ಲುತ್ತಾರೆ ಅನ್ನುವುದು ಒಂದು ಬಾಜಿ ಮಾತ್ರ. ಆರು ಓವರಿಗೆ ಎಷ್ಟು ರನ್, ಈ ಓವರಿಗೆ ಎಷ್ಟು, ಮುಂದಿನ ಬಾಲು ಏನು ಅಂತ ಸುಮ್ನೆ ಕೂರಲು ಬಿಡುವುದಿಲ್ಲ. ನಮ್ಮ ಹತ್ತಿರದ ಮನೆಯ ಹುಡುಗ, ಮಂಗಳೂರಿಗೆ ದಿನಾ ಬಸ್ಸಿನಲ್ಲಿ ಕೆಲಸಕ್ಕೆ ಹೋಗುತ್ತಿದ್ದವನು, ಒಂದು ಐಪಿಎಲ್ ಮುಗಿಯುವಷ್ಟರಲ್ಲಿ ಬೈಕು ಕಳೆದುಕೊಂಡ. ಅವನ ತಾಯಿ ನಮ್ಮ ಜಗಲಿಯಲ್ಲಿ ಕೂತು, "ಅವನು ಎಲ್ಲಿಗೂ ಹೋಗಲಿಲ್ಲ, ಮನೆಯಲ್ಲೇ ಇದ್ದ, ಮೊಬೈಲು ನೋಡುತ್ತಿದ್ದ" ಅಂತ ಎರಡೆರಡು ಸಲ ಹೇಳಿದರು. ಲಾಟರಿಯಾದರೆ ಮನೆ ತುಂಬ ಚೀಟಿಯಾದರೂ ಕಾಣುತ್ತಿತ್ತು.

ರಾಜ್ಯದ ಗೆರೆ ಇಲ್ಲಿ ಉಪಯೋಗಕ್ಕೆ ಬರುವುದಿಲ್ಲ. ಜೂಜು, ಬೆಟ್ಟಿಂಗ್ ಸಂವಿಧಾನದಲ್ಲಿ ರಾಜ್ಯಗಳ ಪಟ್ಟಿಯಲ್ಲಿದೆ, ಸರಿ. ಸಿಕ್ಕಿಂ 2008ರಲ್ಲೇ ಕಾನೂನು ಮಾಡಿ ಆನ್‌ಲೈನ್ ಕ್ರೀಡಾ ಬೆಟ್ಟಿಂಗಿಗೂ ಲೈಸೆನ್ಸ್ ಕೊಡಲು ಹೊರಟಿತು. 2015ರಲ್ಲಿ ತಿದ್ದುಪಡಿ ತಂದು, ತನ್ನ ರಾಜ್ಯದೊಳಗಿನ ಜಾಗದಲ್ಲಿ ಇಟ್ಟ ಮೆಷಿನುಗಳಲ್ಲಿ ಮಾತ್ರ ಆಡಿ ಅಂದಿತು. ಅಂದರೆ ಅವರೂ ಕೊನೆಗೆ ನಮ್ಮ ಅಜ್ಜನ ಮೇಜಿನ ಲೆಕ್ಕಕ್ಕೇ ಬಂದರು. ಇತ್ತ ಕೇರಳ 2021ರಲ್ಲಿ ಆನ್‌ಲೈನ್ ರಮ್ಮಿ ನಿಷೇಧಿಸಿತು, ಅದೇ ವರ್ಷ ಹೈಕೋರ್ಟು ರದ್ದು ಮಾಡಿತು. ಕರ್ನಾಟಕವೂ ಆ ವರ್ಷವೇ ಪೊಲೀಸ್ ಕಾಯ್ದೆ ತಿದ್ದಿ ದುಡ್ಡಿನ ಆನ್‌ಲೈನ್ ಆಟ ನಿಲ್ಲಿಸಲು ನೋಡಿತು, 2022ರ ಫೆಬ್ರವರಿಯಲ್ಲಿ ಅದರ ಮುಖ್ಯ ಭಾಗಗಳೂ ಕೋರ್ಟಿನಲ್ಲಿ ಬಿದ್ದವು. ತಲಪಾಡಿಯ ಎರಡು ಕಡೆಯೂ ಒಂದೇ ಕಥೆ ಆದದ್ದು ಅಪರೂಪ. 2025ರ ಆಗಸ್ಟಿನಲ್ಲಿ ಸಂಸತ್ತೇ ದುಡ್ಡಿನ ಆನ್‌ಲೈನ್ ಆಟಕ್ಕೆಲ್ಲ ನಿಷೇಧ ಪಾಸು ಮಾಡಿತು. ಆಡಿಸುವವರಿಗೆ ಮೂರು ವರ್ಷದವರೆಗೆ ಜೈಲು, ಒಂದು ಕೋಟಿವರೆಗೆ ದಂಡ. ಆಡಿದವರಿಗೆ ಶಿಕ್ಷೆ ಇಲ್ಲ. ಟಿವಿಯ ಜಾಹೀರಾತು ಕಡಿಮೆಯಾಯಿತು. ಆ ಹುಡುಗ ಆಡುತ್ತಿದ್ದದ್ದು ಮಾತ್ರ ಜಾಹೀರಾತಿನ ಆ್ಯಪಿನಲ್ಲಲ್ಲ, ಯಾರೋ ಕಳಿಸಿದ ಲಿಂಕಿನಲ್ಲಿ.

2018ರಲ್ಲಿ ಕೇಂದ್ರದ ಕಾನೂನು ಆಯೋಗ ಬೆಟ್ಟಿಂಗ್ ಬಗ್ಗೆ ಒಂದು ವರದಿ ಕೊಟ್ಟಿತ್ತು. ನಿಲ್ಲಿಸಲು ಆಗದಿದ್ದರೆ ನಿಯಂತ್ರಿಸಿ, ನಗದು ಬೇಡ, ಪ್ಯಾನ್, ಆಧಾರ್ ಜೋಡಿಸಿ, ಒಬ್ಬ ಎಷ್ಟು ಸಲ ಆಡಬಹುದು ಅನ್ನುವುದಕ್ಕೆ ಮಿತಿ ಇಡಿ ಅಂತ. ನನ್ನನ್ನು ಕೇಳಿದರೆ ಆ ಮಿತಿಯ ಮಾತೇ ಮುಖ್ಯ. ಸರಕಾರ ಬಾಲಿಗೊಂದು ಬಾಜಿ ಇಡಿಸಿ ತೆರಿಗೆ ತೆಗೆದುಕೊಂಡರೆ, ಆ ಹುಡುಗನ ಬೈಕು ರಸೀದಿ ಸಮೇತ ಹೋಗುತ್ತಿತ್ತು ಅಷ್ಟೆ.

ಮೊನ್ನೆ ಅಜ್ಜನ ಹತ್ತಿರ ಸುಮ್ನೆ ಕೇಳಿದೆ, ನಾಳೆ ಕ್ರಿಕೆಟಿಗೂ ಸರಕಾರಿ ಟಿಕೆಟ್ ಬಂದರೆ ಮಾರುತ್ತೀರಾ ಅಂತ. ಕ್ಲಿಪ್ ಸರಿ ಮಾಡುತ್ತಾ, "ಕಮಿಷನ್ ಎಷ್ಟಂತೆ?" ಅಂದರು.

ನೀವು ಈ ಕಡೆ ಬರುವುದಿದ್ದರೆ ಪೆಟ್ರೋಲ್ ತಲಪಾಡಿಯಲ್ಲೇ ತುಂಬಿಸಿಕೊಂಡು ಬನ್ನಿ.