ಕೊಡವರಲ್ಲಿ ಸ್ತನ ಕ್ಯಾನ್ಸರ್ ಜೀನ್ ಜಾಸ್ತಿಯೇ? ತಾಯಿ ಕಡೆ ಯಾರಿಗೂ ಇಲ್ಲದಿದ್ದರೂ ಟೆಸ್ಟ್ ಬೇಕೇ?

‘ತಾಯಿ ಕಡೆ ಯಾರಿಗೂ ಇಲ್ಲ’ ಅಂತ ಬರೆದಿದ್ದೀರಲ್ಲ, ವಿರಾಜಪೇಟೆಯ ಡಾಕ್ಟರ ಮುಂದೆ ಕೂತು ನಾನೂ ಇದೇ ಮಾತು ಹೇಳಿದ್ದೆ. ಆಗ ನನಗೆ 34. ಎದೆಯಲ್ಲಿದ್ದ ಗಂಟು ಬರೀ ಕೊಬ್ಬಿನ ಗಂಟು ಅಂತಾಯಿತು. ‘ಮನೆಯಲ್ಲಿ ಯಾರಿಗಾದರೂ ಕ್ಯಾನ್ಸರ್ ಇತ್ತಾ?’ ಅಂದರು. ಅಮ್ಮ, ಅಜ್ಜಿ, ಚಿಕ್ಕಮ್ಮಂದಿರು, ಎಲ್ಲರನ್ನೂ ಎಣಿಸಿ ‘ಇಲ್ಲ’ ಅಂದೆ. ಸುಳ್ಳು ಹೇಳಲಿಲ್ಲ. ಆದರೆ ಅಪ್ಪನ ಅಕ್ಕ 42ಕ್ಕೇ ಸ್ತನ ಕ್ಯಾನ್ಸರಿನಿಂದ ಹೋಗಿದ್ದರು. ಅವರ ಮಡಿಲಲ್ಲೇ ಆಡಿ ಬೆಳೆದವಳು ನಾನು.

ಯಾಕೆ ಬಾಯಿಗೆ ಬರಲಿಲ್ಲ? ಮದುವೆಯಾಗಿ ಹೋದ ಮೇಲೆ ಆ ಅತ್ತೆ ಬೇರೆ ಒಕ್ಕದವರು, ಅಂದರೆ ಬೇರೆ ಮನೆತನದವರು. ಅವರ ಕಾಯಿಲೆ ಆ ಮನೆಯ ಕಷ್ಟ, ಸಾವು ಆ ಮನೆಯ ಸಾವು. ನಮ್ಮ ಐನ್‌ಮನೆಯ, ಅಂದರೆ ಮನೆತನದ ಮೂಲಮನೆಯ, ಲೆಕ್ಕದಿಂದ ಅವರು ಹೊರಗೆ. ಹುಟ್ಟಿದ್ದು ಮಾತ್ರ ನಮ್ಮ ಅಜ್ಜ ಅಜ್ಜಿಗೇ ಅನ್ನುವುದು ಹೊಳೆಯಲೇ ಇಲ್ಲ. ಮೇಲಾಗಿ ಗಂಡಸರಿಂದ ಈ ಕಾಯಿಲೆ ಹೇಗೆ ಬರುತ್ತದೆ ಅಂದುಕೊಂಡಿದ್ದೆ. ಆದರೆ ಬಿಆರ್‌ಸಿಎ ಅನ್ನುವ ಜೀನ್‌ಗಳು (ಬಿಆರ್‌ಸಿಎ1, ಬಿಆರ್‌ಸಿಎ2) ಕೆಟ್ಟಿದ್ದರೆ ಸ್ತನ, ಅಂಡಾಶಯದ ಕ್ಯಾನ್ಸರಿನ ರಿಸ್ಕ್ ಏರುತ್ತದೆ. ಆ ದೋಷ ಇರುವುದು ಅಪ್ಪನಲ್ಲಾಗಲಿ ಅಮ್ಮನಲ್ಲಾಗಲಿ, ಪ್ರತಿ ಮಗುವಿಗೂ ದಾಟುವ ಸಾಧ್ಯತೆ ಅರ್ಧಕ್ಕರ್ಧ. ಅತ್ತೆಯ ಹೆಸರು ಹೇಳಿದ್ದರೆ ಅಂದೇ ಟೆಸ್ಟ್ ಆಗುತ್ತಿತ್ತು, ವರ್ಷವರ್ಷ ಎಂಆರ್‌ಐ ನಡೆಯುತ್ತಿತ್ತು. 38ಕ್ಕೆ ನನ್ನ ಎದೆಯಲ್ಲಿ ಕ್ಯಾನ್ಸರ್ ಸಿಕ್ಕಾಗ ಕಂಕುಳಿನ ಗ್ರಂಥಿಗೂ ಹರಡಿತ್ತು. ರಕ್ತ ಪರೀಕ್ಷೆಯಲ್ಲಿ ಬಿಆರ್‌ಸಿಎ2 ದೋಷ ಇದೆ ಅಂತ ಬಂತು.

ಕೊಡವರಿಗೆ ರಿಸ್ಕ್ ಜಾಸ್ತಿಯೋ ಅನ್ನುವ ಪ್ರಶ್ನೆಯನ್ನೇ ಬಿಟ್ಟುಬಿಡಿ. ಕೆಲವು ಜನಾಂಗಗಳಲ್ಲಿ ಜಾಸ್ತಿ ಇರುವುದು ನಿಜ: ಯುರೋಪಿನ ಮೂಲದ ಅಶ್ಕೆನಾಜಿ ಯಹೂದಿಗಳಲ್ಲಿ ಸುಮಾರು 40ಕ್ಕೆ ಒಬ್ಬರಲ್ಲಿ ಬಿಆರ್‌ಸಿಎ ದೋಷ ಇದೆ, ಅದೂ ಬಹುಪಾಲು ಜೀನಿನೊಳಗಿನ ಮೂರೇ ಗೊತ್ತಾದ ಜಾಗಗಳಲ್ಲಿ. ಕೆಲವೇ ಪೂರ್ವಜರಿಂದ ಬೆಳೆದ ಜನ ಅವರು. ಐಸ್‌ಲ್ಯಾಂಡಿನಲ್ಲೂ ಹೀಗೇ ಬಿಆರ್‌ಸಿಎ2ರ ಒಂದು ದೋಷ ಹಬ್ಬಿದೆ. ಆ ಮೂರು ಜಾಗ ಯಹೂದಿಗಳ ಲೆಕ್ಕ. ಅಷ್ಟನ್ನೇ ನೋಡುವ ಅಗ್ಗದ ಟೆಸ್ಟ್ ನಮಗೆ ಸಾಲದು, ಇಡೀ ಜೀನ್ ಓದಿಸಬೇಕು. ಜನಾಂಗದ ಹೆಸರು ಹಿಡಿದು ‘ನಾವು ಸೇಫ್’ ಅಂತ ಕೂರುವುದಂತೂ ಶುದ್ಧ ತಪ್ಪು.

ಇನ್ನೊಂದು. ಜೀನ್ ಮಾಹಿತಿ ಹೆಚ್ಚಾಗಿ ಕೂಡಿರುವುದು ಯುರೋಪಿನ ಮೂಲದವರದ್ದು. ಅದಕ್ಕೇ ನಮ್ಮವರ ರಿಪೋರ್ಟಿನಲ್ಲಿ ‘ವಿಯುಎಸ್’, ಅಂದರೆ ಒಳ್ಳೆಯದೋ ಕೆಟ್ಟದ್ದೋ ಇನ್ನೂ ತಿಳಿಯದ ಬದಲಾವಣೆ, ಹೆಚ್ಚು ಬರುತ್ತದೆ. ಅದೊಂದನ್ನೇ ನೋಡಿ ಆಪರೇಷನ್‌ಗೆ ಹೋಗಬೇಡಿ. ನನ್ನ ಚಿಕ್ಕಪ್ಪನ ಮಗಳು ಹೊರಟೇಬಿಟ್ಟಿದ್ದಳು, ಮೈಸೂರಿನ ಜೆನೆಟಿಕ್ ಕೌನ್ಸೆಲರ್ ತಡೆದರು.

ಸಾಧ್ಯವಾದರೆ ಮೊದಲು ಕಾಯಿಲೆ ಬಂದವರಿಗೇ ಟೆಸ್ಟ್ ಮಾಡಿಸಿ. ಪುತ್ತರಿಗೆ, ನಮ್ಮ ಸುಗ್ಗಿ ಹಬ್ಬಕ್ಕೆ, ಎಲ್ಲರೂ ಐನ್‌ಮನೆಗೆ ಬರುತ್ತಾರಲ್ಲ, ಆಗ ಹಿರಿಯರನ್ನು ಕೂರಿಸಿಕೊಂಡು ಕೇಳಿ: ಮದುವೆಯಾಗಿ ಹೋದ ಹೆಣ್ಣುಮಕ್ಕಳು ಯಾರು, ಯಾವ ವಯಸ್ಸಿನಲ್ಲಿ, ಯಾವುದರಿಂದ ತೀರಿಕೊಂಡರು? ಅಂಡಾಶಯದ ಕ್ಯಾನ್ಸರನ್ನೂ ಕೇಳಿ. ‘ಹೊಟ್ಟೆಯಲ್ಲಿ ಗಡ್ಡೆ’ ಅಂತಷ್ಟೇ ಹೇಳುತ್ತಾರೆ, ಬಿಡದೆ ಕೆದಕಿ.

ನಮ್ಮಣ್ಣನಲ್ಲೂ ಆ ದೋಷ ಇದೆ. ಅವನ ಮಗಳಿಗೆ ಈಗ 24. ಮುಂದಿನ ತಿಂಗಳು ನಾನೇ ಜೊತೆಗೆ ಹೋಗಿ ರಕ್ತ ಕೊಡಿಸುತ್ತೇನೆ.